ಲೊರೆಟಾ ಲಿನ್ ಜೊತೆ ಜಾಕ್ ವೈಟ್: 'ವ್ಯಾನ್ ಲಿಯರ್ ರೋಸ್' ಯಾರ ಆಲ್ಬಮ್?

ಹಳೇಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ಹೋದ ವಾರದಿಂದ ನಮ್ಮ ಮನೆಯಲ್ಲಿ ಒಂದೇ ಆಲ್ಬಮ್ ಓಡುತ್ತಿದೆ. ಲೊರೆಟಾ ಲಿನ್ ಅವರ 'ವ್ಯಾನ್ ಲಿಯರ್ ರೋಸ್'. 2004ರ ಏಪ್ರಿಲ್ ಕೊನೆಯಲ್ಲಿ ಬಂದದ್ದು. ಆಗ ಲೊರೆಟಾಗೆ 72 ವರ್ಷ. ಆಲ್ಬಮ್ ಪ್ರೊಡ್ಯೂಸ್ ಮಾಡಿ, ಗಿಟಾರ್ ಕೂಡ ನುಡಿಸಿದ ಜಾಕ್ ವೈಟ್‌ಗೆ 28. ಒಬ್ಬರು ಅಮೆರಿಕದ ಹಳ್ಳಿಗಾಡಿನ 'ಕಂಟ್ರಿ' ಸಂಗೀತದ ಹಿರಿಯಜ್ಜಿ. ಇನ್ನೊಬ್ಬರು ಡೆಟ್ರಾಯಿಟ್‌ನ 'ದ ವೈಟ್ ಸ್ಟ್ರೈಪ್ಸ್' ರಾಕ್ ಬ್ಯಾಂಡಿನ ಹುಡುಗ.

ಪರಿಚಯ ಇಲ್ಲದವರಿಗೆ ಎರಡು ಮಾತು. ಲೊರೆಟಾ ಹುಟ್ಟಿದ್ದು ಕೆಂಟಕಿಯ ಬೆಟ್ಟಗಳ ನಡುವಿನ ಬುಚರ್ ಹಾಲೊ ಅನ್ನುವ ಊರಿನಲ್ಲಿ, 1932ರಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕೂಲಿ. ಮನೆ ತುಂಬ ಎಂಟು ಮಕ್ಕಳು. ಲೊರೆಟಾಗೆ 15ಕ್ಕೇ ಮದುವೆ. ಗಂಡ 17 ಡಾಲರ್ ಕೊಟ್ಟು ಒಂದು ಗಿಟಾರ್ ತಂದುಕೊಟ್ಟರು. ಅವರು ಅದನ್ನು ತಾನೇ ಕಲಿತು, ತಾನೇ ಹಾಡು ಕಟ್ಟಿದರು. 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ 'ವರ್ಷದ ಎಂಟರ್‌ಟೇನರ್' ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರೇ. ಗರ್ಭನಿರೋಧಕ ಮಾತ್ರೆಯ ಬಗ್ಗೆ 1975ರಲ್ಲಿ ಹಾಡಿದಾಗ ಎಷ್ಟೋ ರೇಡಿಯೋ ಸ್ಟೇಷನ್‌ಗಳು ಆ ಹಾಡನ್ನು ಹಾಕಲೇ ಇಲ್ಲ. ಅಂಥ ಗಟ್ಟಿಗಿತ್ತಿ.

ಇಬ್ಬರೂ ಒಟ್ಟಿಗೆ ಬಂದ ಬಗೆ ನನಗೆ ತುಂಬ ಇಷ್ಟ. ವೈಟ್ ಸ್ಟ್ರೈಪ್ಸ್ 2001ರಲ್ಲಿ ತಂದ 'ವೈಟ್ ಬ್ಲಡ್ ಸೆಲ್ಸ್' ಆಲ್ಬಮನ್ನು ಲೊರೆಟಾಗೆ ಅರ್ಪಿಸಿತ್ತು. ವಿಷಯ ಅಜ್ಜಿಯ ಕಿವಿಗೆ ಬಿತ್ತು. ಟೆನೆಸ್ಸಿಯ ಹರಿಕೇನ್ ಮಿಲ್ಸ್‌ನಲ್ಲಿರುವ ತಮ್ಮ ಮನೆಗೆ ಆ ಬ್ಯಾಂಡಿನ ಹುಡುಗ ಹುಡುಗಿಯನ್ನು, ಅಂದರೆ ಜಾಕ್ ಮತ್ತು ಮೆಗ್ ವೈಟ್ ಅವರನ್ನು ಕರೆಸಿ, ಕೈಯಾರೆ ಚಿಕನ್ ಮತ್ತು ಡಂಪ್ಲಿಂಗ್ ಮಾಡಿ ಬಡಿಸಿದರು. 2003ರಲ್ಲಿ ನ್ಯೂಯಾರ್ಕ್‌ನಲ್ಲಿ ಒಟ್ಟಿಗೆ ವೇದಿಕೆ ಹತ್ತಿದರು. ಆಮೇಲೆ ಈ ಆಲ್ಬಮ್.

ನಾನು ಮತ್ತೆ ಮತ್ತೆ ಕೇಳುವುದು ಅವರ ದನಿಯನ್ನು. 72 ವರ್ಷದ ಗಂಟಲು ಅಲ್ಲಲ್ಲಿ ಒಡೆಯುತ್ತದೆ. ಉಸಿರು ಕೇಳಿಸುತ್ತದೆ. ಹಳ್ಳಿಯ ಉಚ್ಚಾರ ಹಾಗೇ ಇದೆ. ಜಾಕ್ ವೈಟ್ ಅದರಲ್ಲಿ ಒಂದನ್ನೂ ತಿದ್ದಲು ಹೋಗಲಿಲ್ಲ. ಹೆಚ್ಚಿನ ಹಾಡುಗಳಿಗೆ ಒಂದೋ ಎರಡೋ ಟೇಕ್, ಅಷ್ಟೇ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ನಮಗೆ ಹೇಳಿಕೊಡುತ್ತಾರಲ್ಲ, ಆ ಹುಡುಗ ಅದನ್ನು ಸ್ಟುಡಿಯೊದಲ್ಲಿ ಮಾಡಿ ತೋರಿಸಿದ ಹಾಗೆ ನನಗೆ ಕೇಳುತ್ತದೆ.

ನಿಮಗೆ ಹೇಗೆ ಅನ್ನಿಸುತ್ತದೆ? ಕಂಟ್ರಿ ಗಾಯಕರ ಹಿಂದೆ ರಾಕ್ ಬ್ಯಾಂಡ್ ನಿಂತರೆ ಹಾಡಿಗೆ ಒಳ್ಳೆಯದಾಗುತ್ತದೋ, ಕೆಡುತ್ತದೋ?

ಬೇಸ್‌ಮೀಸೆ

ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಬೇಸ್ ನುಡಿಸುವವನು, ಹಾಗಾಗಿ ಬ್ಯಾಂಡಿನ ಬಗ್ಗೆ ಹೇಳುತ್ತೇನೆ.

ಡ್ರಮ್ಸ್ ಪ್ಯಾಟ್ರಿಕ್ ಕೀಲರ್, ಬೇಸ್ ಜಾಕ್ ಲಾರೆನ್ಸ್. ಇಬ್ಬರೂ ಸಿನ್ಸಿನಾಟಿಯ 'ಗ್ರೀನ್‌ಹಾರ್ನ್ಸ್' ಅನ್ನುವ ಗರಾಜ್ ರಾಕ್ ಬ್ಯಾಂಡಿನವರು. ಪೆಡಲ್ ಸ್ಟೀಲ್ ಮತ್ತು ಸ್ಲೈಡ್ ಗಿಟಾರ್ ಡೇವ್ ಫೀನಿ. ಈ ಗುಂಪಿಗೆ ಲೊರೆಟಾ ಇಟ್ಟ ಹೆಸರು 'ಡೂ ವಾಟರ್ಸ್'. ಏನು ಹೇಳಿದರೂ ಮಾಡುವ ಹುಡುಗರು ಅಂತ. ಮುಂದೆ ಕೀಲರ್ ಮತ್ತು ಲಾರೆನ್ಸ್ ಇಬ್ಬರನ್ನೂ ಸೇರಿಸಿಕೊಂಡೇ ಜಾಕ್ ವೈಟ್ 'ರಾಕೊಂಟರ್ಸ್' ಕಟ್ಟಿದ್ದು.

ರೆಕಾರ್ಡ್ ಮಾಡಿದ್ದು ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನ ಪೂರ್ವ ಭಾಗದ ಒಂದು ಮನೆಯಲ್ಲಿ. ಮನೆಯೊಳಗೇ ಸ್ಟುಡಿಯೊ. ಅನಲಾಗ್ ಟೇಪ್, 8 ಟ್ರ್ಯಾಕ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇವತ್ತು ಕಂಪ್ಯೂಟರಿನಲ್ಲಿ ನೂರು ಟ್ರ್ಯಾಕ್ ಬೇಕಾದರೂ ಹಾಕಬಹುದು. ಒಂದೊಂದು ಸಾಲನ್ನು ಇಪ್ಪತ್ತು ಸಲ ಹಾಡಿಸಿ, ಚೆನ್ನಾಗಿ ಬಂದ ಅಕ್ಷರ ಮಾತ್ರ ಆರಿಸಿ ಅಂಟಿಸಬಹುದು. 8 ಟ್ರ್ಯಾಕಿನಲ್ಲಿ ಅಷ್ಟು ಜಾಗವೇ ಇಲ್ಲ. ಡ್ರಮ್ಸ್‌ಗೆ ಎರಡೋ ಮೂರೋ, ಬೇಸಿಗೆ ಒಂದು, ಗಿಟಾರಿಗೆ ಒಂದೆರಡು ಕೊಟ್ಟರೆ ಮುಗಿಯಿತು. ಮುಂಚೆಯೇ ತೀರ್ಮಾನ ಮಾಡಿಕೊಂಡು ಎಲ್ಲರೂ ಒಟ್ಟಿಗೆ ನುಡಿಸಬೇಕು. ತಪ್ಪಿದರೆ ತಪ್ಪೂ ಟೇಪಿನಲ್ಲಿ ಉಳಿಯುತ್ತದೆ. ಈ ಆಲ್ಬಮಿನ ಬಿಸಿ ಬಂದಿರುವುದು ಅಲ್ಲಿಂದ.

'ಪೋರ್ಟ್‌ಲೆಂಡ್, ಆರೆಗಾನ್' ಹಾಡಿನ ಶುರು ಕೇಳಿ. ಒಂದು ನಿಮಿಷ ದಾಟಿದರೂ ಯಾರೂ ಹಾಡುವುದಿಲ್ಲ. ಗಿಟಾರ್‌ಗಳು ಸುಳಿಯುತ್ತಾ ಇರುತ್ತವೆ, ಡ್ರಮ್ಸ್ ನಿಧಾನಕ್ಕೆ ಏರುತ್ತದೆ. ಮಳೆಗೆ ಮುಂಚೆ ಗಾಳಿ ಬೀಸುತ್ತದಲ್ಲ, ಹಾಗೆ. ಆಮೇಲೆ ಅಜ್ಜಿ ಬರುತ್ತಾರೆ. ಬಂದ ತಕ್ಷಣ ಅವರದೇ ಮನೆ.

ತುಂಗಾತೀರ

ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಲೊರೆಟಾ ಅವರ ಅರುವತ್ತು, ಎಪ್ಪತ್ತರ ದಶಕದ ಹಾಡು ಕೇಳಿ ಬೆಳೆದವಳು. ಚಿಕ್ಕಪ್ಪ ಹಡಗಿನ ಕೆಲಸದಲ್ಲಿದ್ದರು, ರೆಕಾರ್ಡು ತರುತ್ತಿದ್ದರು. ಆಗ ಅವರ ಪ್ರೊಡ್ಯೂಸರ್ ಓವೆನ್ ಬ್ರಾಡ್ಲಿ. ಅವರ ಕೈಲಿ ಎಲ್ಲ ಅಳತೆ ಪ್ರಕಾರ ಇರುತ್ತಿತ್ತು. ಸ್ಟೀಲ್ ಗಿಟಾರ್ ಎರಡು ಸಾಲಿನ ನಡುವೆ ಬಂದು ಉತ್ತರ ಕೊಡುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ಮಾತು ಒಂದೂ ತಪ್ಪುವುದಿಲ್ಲ. ಲೊರೆಟಾ ಅಂದರೆ ಮಾತು ತಾನೇ? ಗಂಡನ ಕುಡಿತ, ಸವತಿಯ ಜೊತೆ ಜಗಳ, ಮಕ್ಕಳ ಕಾಟ, ಎಲ್ಲ ಅವರು ಹೇಳುವುದು ನಮಗೆ ಕೇಳಿಸಬೇಕು.

ಇಲ್ಲಿ 'ಹ್ಯಾವ್ ಮರ್ಸಿ' ಹಾಡಿನಲ್ಲಿ ಗಿಟಾರ್ ಅವರ ಮೇಲೇ ಬಿದ್ದ ಹಾಗಿದೆ. 'ಪೋರ್ಟ್‌ಲೆಂಡ್' ಹಾಡಿನಲ್ಲೂ ಅಷ್ಟೇ. ಆ ಶುರುವಿನ ಒಂದೂವರೆ ನಿಮಿಷ ಯಾರಿಗೋಸ್ಕರ? ಅದು ಜಾಕ್ ವೈಟ್ ಅಭಿಮಾನಿಗಳಿಗೋಸ್ಕರ ಅಂತ ನನಗೆ ಅನ್ನಿಸುತ್ತದೆ. ಇದು ಜಾಕ್ ವೈಟ್ ಆಲ್ಬಮ್, ಲೊರೆಟಾ ಅದಕ್ಕೆ ಬಂದ ಅತಿಥಿ.

ಹಳೇಕ್ಯಾಸೆಟ್

ತುಂಗಾತೀರ ಅವರೇ, ಬೇಜಾರು ಯಾಕೆ? ಬ್ರಾಡ್ಲಿ ಕಾಲದ ಹಾಡುಗಳು ನನಗೂ ಪ್ರಾಣ. ಆದರೆ 'ಅತಿಥಿ' ಅನ್ನುವ ಮಾತು ಒಪ್ಪಲಾರೆ.

ಈ ಆಲ್ಬಮಿನಲ್ಲಿ 13 ಹಾಡುಗಳಿವೆ. ಹದಿಮೂರಕ್ಕೂ ಲೊರೆಟಾ ಅವರದೇ ಬರವಣಿಗೆ. ಒಂದನ್ನು ತೀರಿಹೋದ ಗಂಡನ ಜೊತೆ ಬರೆದದ್ದು, ಒಂದರಲ್ಲಿ ಜಾಕ್ ವೈಟ್ ಹೆಸರೂ ಸೇರಿದೆ, ಅಷ್ಟೇ. ನಲವತ್ತು ವರ್ಷಕ್ಕೂ ಜಾಸ್ತಿ ಹಾಡಿದ ಮೇಲೆ, ಎಲ್ಲ ಹಾಡಿನಲ್ಲೂ ಅವರದೇ ಬರವಣಿಗೆ ಇರುವ ಆಲ್ಬಮ್ ಇದು! ನ್ಯಾಶ್‌ವಿಲ್‌ನಲ್ಲಿ ಬೇರೆಯವರು ಬರೆದ ಹಾಡುಗಳನ್ನು ಗಾಯಕರಿಗೆ ಹಂಚುವ ಪದ್ಧತಿ ಇದೆ. ಲೊರೆಟಾ ಮೊದಲಿನಿಂದಲೂ ಬರೆಯುತ್ತಿದ್ದರು, ಆದರೆ ಪೂರ್ತಿ ಆಲ್ಬಮ್ ಅವರ ಪಾಲಿಗೆ ಬರುವುದು ಅಪರೂಪ. ಇಲ್ಲಿ ಬಂತು.

'ಫ್ಯಾಮಿಲಿ ಟ್ರೀ' ತೆಗೆದುಕೊಳ್ಳಿ. ಒಬ್ಬ ಹೆಂಡತಿ ತನ್ನ ಮಕ್ಕಳನ್ನು ಕರೆದುಕೊಂಡು ಆ ಇನ್ನೊಬ್ಬಳ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ನಮ್ಮ ಸಂಸಾರ ಹಾಳು ಮಾಡುತ್ತಿರುವವಳು ಯಾರು ಅಂತ ಮಕ್ಕಳೂ ನೋಡಲಿ ಅನ್ನುವುದು ಅವಳ ಲೆಕ್ಕ. ಬಾಗಿಲ ಮುಂದೆ ನಿಂತು ಮಾತಾಡುವ ದನಿಯಲ್ಲೇ ಹಾಡುತ್ತಾರೆ. ಅಲ್ಲಿ ಬ್ಯಾಂಡ್ ಎಷ್ಟು ತಗ್ಗಿ ನಡೆಯುತ್ತದೆ ಕೇಳಿ. 'ವುಮೆನ್ಸ್ ಪ್ರಿಸನ್' ಇನ್ನೊಂದು. ಪ್ರಿಯಕರನನ್ನು ಕೊಂದು ಗಲ್ಲಿಗೆ ಕಾಯುತ್ತಿರುವ ಹೆಂಗಸಿನ ಕತೆ. ಕೊನೆಗಳಿಗೆಯಲ್ಲಿ ಅವಳಿಗೆ ಕೇಳಿಸುವುದು ತಾಯಿಯ ಅಳು. ಅಲ್ಲಿ ಡ್ರಮ್ಸ್ ಜೋರಾಗಿಯೇ ಇದೆ, ಇರಬೇಕು ಕೂಡ.

'ಲಿಟಲ್ ರೆಡ್ ಶೂಸ್' ಅಂತೂ ಹಾಡೇ ಅಲ್ಲ. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದದ್ದು, ಒಂದು ಜೊತೆ ಕೆಂಪು ಬೂಟು, ಇದನ್ನು ಅವರು ಸುಮ್ನೆ ಕೂತು ಹೇಳುತ್ತಾ ಹೋಗುತ್ತಾರೆ. ಅಡುಗೆ ಮನೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಹೇಳಿದ ಹಾಗೆ. ಹಿಂದೆ ಬ್ಯಾಂಡ್ ಮೆಲ್ಲಗೆ ಹರಿಯುತ್ತದೆ. ಕತೆ ಎಲ್ಲಿ ತಡವರಿಸುತ್ತದೋ ಅಲ್ಲಿ ವಾದ್ಯಗಳೂ ಕಾಯುತ್ತವೆ. ಅಜ್ಜಿಯ ಮಾತನ್ನು ಟೇಪಿನಲ್ಲಿ ಹಾಗೇ ಉಳಿಸಿಕೊಳ್ಳಬೇಕು ಅಂತ ಒಬ್ಬ ರಾಕ್ ಹುಡುಗನಿಗೆ ಹೊಳೆಯಿತಲ್ಲ!

ನೀಲಿಸೈಕಲ್

ಈ ಚರ್ಚೆಗೆ ಹಿರಿಯ ಕಂಟ್ರಿ ಗಾಯಕ ಜಾನಿ ಕ್ಯಾಷ್ ಬೇಕೇ ಬೇಕು.

ತೊಂಬತ್ತರ ದಶಕದ ಹೊತ್ತಿಗೆ ಅವರನ್ನು ಕಂಟ್ರಿ ಕಂಪನಿಗಳು ಮೂಲೆಗೆ ಹಾಕಿದ್ದವು. ಮೆಟಲ್, ಹಿಪ್ ಹಾಪ್ ಆಲ್ಬಮ್ ಮಾಡುತ್ತಿದ್ದ ರಿಕ್ ರೂಬಿನ್ ಅನ್ನುವ ಪ್ರೊಡ್ಯೂಸರ್ ಕ್ಯಾಷ್ ಅವರನ್ನು ಕರೆದು, 1994ರಲ್ಲಿ ಬರೀ ಒಂದು ಗಿಟಾರ್ ಜೊತೆ ಹಾಡಿಸಿದರು. ಮುಂದಿನ ಆಲ್ಬಮ್ 1996ರ 'ಅನ್‌ಚೈನ್ಡ್'. ಅದರಲ್ಲಿ ಕ್ಯಾಷ್ ಹಿಂದೆ ನಿಂತವರು ಟಾಮ್ ಪೆಟ್ಟಿ ಮತ್ತು ಹಾರ್ಟ್‌ಬ್ರೇಕರ್ಸ್. ಪೂರ್ತಿ ರಾಕ್ ಬ್ಯಾಂಡ್! ಸಿಯಾಟಲ್‌ನ ಸೌಂಡ್‌ಗಾರ್ಡನ್ ಬ್ಯಾಂಡಿನ ಹಾಡನ್ನೂ ಕ್ಯಾಷ್ ಅದರಲ್ಲಿ ಹಾಡಿದ್ದಾರೆ. ಕೇಳಿದರೆ ಅವರಿಗೋಸ್ಕರವೇ ಬರೆದ ಹಾಡು ಅನ್ನಬೇಕು, ಹಾಗಿದೆ.

ಆ ಆಲ್ಬಮ್‌ಗೆ 1998ರಲ್ಲಿ ಅತ್ಯುತ್ತಮ ಕಂಟ್ರಿ ಆಲ್ಬಮ್ ಗ್ರ್ಯಾಮಿ ಬಂತು. ಕಂಟ್ರಿ ರೇಡಿಯೋ ಮಾತ್ರ ಹಾಕಿರಲಿಲ್ಲ. ಆ ಸಿಟ್ಟಿಗೆ ಕ್ಯಾಷ್ ಮತ್ತು ರೂಬಿನ್ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಒಂದು ಪುಟ ಜಾಹೀರಾತು ಹಾಕಿಸಿದರು. ಕ್ಯಾಷ್ ನಡುಬೆರಳು ತೋರಿಸುತ್ತಿರುವ ಹಳೇ ಫೋಟೊ, ಜೊತೆಗೆ ನ್ಯಾಶ್‌ವಿಲ್ ಮತ್ತು ಕಂಟ್ರಿ ರೇಡಿಯೋಗೆ ಧನ್ಯವಾದ.

ಲೊರೆಟಾ ಕತೆಯೂ ಹೆಚ್ಚು ಕಮ್ಮಿ ಇದೇ. 'ವ್ಯಾನ್ ಲಿಯರ್ ರೋಸ್' 2005ರಲ್ಲಿ ಎರಡು ಗ್ರ್ಯಾಮಿ ಗೆದ್ದಿತು. ಅತ್ಯುತ್ತಮ ಕಂಟ್ರಿ ಆಲ್ಬಮ್ ಒಂದು, 'ಪೋರ್ಟ್‌ಲೆಂಡ್' ಜೋಡಿ ಹಾಡಿಗೆ ಇನ್ನೊಂದು. ಕಂಟ್ರಿ ಆಲ್ಬಮ್‌ಗಳ ಪಟ್ಟಿಯಲ್ಲಿ 2ನೇ ಸ್ಥಾನದ ತನಕ ಏರಿತು. ಅದನ್ನೂ ಕಂಟ್ರಿ ರೇಡಿಯೋ ಹತ್ತಿರ ಸೇರಿಸಲಿಲ್ಲ.

ಮಳೆಕಾಡು

ನಾನು ಇರುವುದು ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರ. ರೇಡಿಯೋ ಮಾತು ಬಂದದ್ದಕ್ಕೆ ಬರೆಯಬೇಕು ಅನ್ನಿಸಿತು.

ಲೊರೆಟಾ ಹಾಡಲು ಶುರು ಮಾಡಿದ್ದು ಇಲ್ಲೇ. ಮದುವೆಯಾದ ಮೇಲೆ ಗಂಡ ಹೆಂಡತಿ ಕೆಂಟಕಿಯಿಂದ ಕಸ್ಟರ್ ಅನ್ನುವ ಊರಿಗೆ ಬಂದರು. ಹೆದ್ದಾರಿಯಲ್ಲಿ ಹೋಗುವಾಗ ಬೋರ್ಡ್ ಕಾಣುತ್ತದೆ. ಸುತ್ತ ಹೊಲ, ಹಸು. ಇಂಥ ಕಡೆ, ತೌರಿಂದ ಸಾವಿರಾರು ಮೈಲಿ ದೂರದಲ್ಲಿ, ಮಕ್ಕಳನ್ನು ಮಲಗಿಸಿ ಒಬ್ಬಳು ಹುಡುಗಿ ಗಿಟಾರ್ ಹಿಡಿದು ಹಾಡು ಕಟ್ಟಿದಳು. ನಾನೂ ಮದುವೆಯಾಗಿ ಊರು ಬಿಟ್ಟು ಬಂದವಳು. ಆ ಬೋರ್ಡ್ ಕಂಡಾಗೆಲ್ಲ ಒಂದು ಗಳಿಗೆ ಕಾರಿನ ವೇಗ ಕಮ್ಮಿ ಮಾಡುತ್ತೇನೆ.

1960ರಲ್ಲಿ ಮೊದಲ ಹಾಡು ರೆಕಾರ್ಡ್ ಆಯಿತು. ಚಿಕ್ಕ ಕಂಪನಿ, ದುಡ್ಡಿಲ್ಲ. ಗಂಡ ಹೆಂಡತಿ ಕಾರಿನಲ್ಲಿ ರೆಕಾರ್ಡು ತುಂಬಿಕೊಂಡು ಒಂದೊಂದೇ ರೇಡಿಯೋ ಸ್ಟೇಷನ್ ಬಾಗಿಲು ತಟ್ಟಿದರು. ಕಾರಿನಲ್ಲೇ ಮಲಗಿದರು. ಆ ಹಾಡು ಕಂಟ್ರಿ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಬಂತು. ಅಷ್ಟು ಬಾಗಿಲು ತಟ್ಟಿ ಮೇಲೆ ಬಂದವರ ಆಲ್ಬಮನ್ನು ನಲವತ್ತನಾಲ್ಕು ವರ್ಷದ ಮೇಲೆ ಅದೇ ರೇಡಿಯೋ ಬೇಡ ಅಂದಿತಲ್ಲ. ನನಗೆ ಇವತ್ತಿಗೂ ನೋವಾಗುತ್ತದೆ. ಅವರನ್ನು ಹೊಸ ಕಿವಿಗಳಿಗೆ ತಲುಪಿಸಿದ್ದು ರಾಕ್ ಕೇಳುವ ಹುಡುಗರು. ತುಂಗಾತೀರ ಅವರೇ, ಜೋರು ಗಿಟಾರ್ ಬಗ್ಗೆ ನಿಮ್ಮ ಮಾತು ನಿಜವೇ ಇರಬಹುದು. ಆದರೆ ಈ ಋಣ ದೊಡ್ಡದು.

ಗೋಡೆಗಡಿಯಾರ

ಎಲ್ಲ ಜೋಡಿಯೂ ಹೀಗೇ ಕೂಡಿ ಬರುವುದಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 'ರೆಬೆಲ್ ಮೀಟ್ಸ್ ರೆಬೆಲ್'. ಕಂಟ್ರಿ ಗಾಯಕ ಡೇವಿಡ್ ಅಲನ್ ಕೋ, ಜೊತೆಗೆ ಟೆಕ್ಸಾಸ್‌ನ ಮೆಟಲ್ ಬ್ಯಾಂಡ್ ಪ್ಯಾಂಟೆರಾದ ಡೈಮ್‌ಬ್ಯಾಗ್ ಡ್ಯಾರೆಲ್, ವಿನ್ನಿ ಪಾಲ್, ರೆಕ್ಸ್ ಬ್ರೌನ್. ಬಿಡುವಾದಾಗೆಲ್ಲ ಸೇರಿ ಕೆಲವು ವರ್ಷ ರೆಕಾರ್ಡ್ ಮಾಡಿದರು. ಆಲ್ಬಮ್ ಹೊರಗೆ ಬರುವ ಮುಂಚೆಯೇ, 2004ರ ಡಿಸೆಂಬರ್ 8ರಂದು, ಓಹಾಯೊದ ಕೊಲಂಬಸ್‌ನಲ್ಲಿ ವೇದಿಕೆಯ ಮೇಲಿದ್ದ ಡೈಮ್‌ಬ್ಯಾಗ್‌ಗೆ ಒಬ್ಬ ಗುಂಡು ಹೊಡೆದ. ಆಲ್ಬಮನ್ನು ಅಣ್ಣ ವಿನ್ನಿ ಪಾಲ್ 2006ರಲ್ಲಿ ತಮ್ಮದೇ ಲೇಬಲ್‌ನಿಂದ ತಂದರು.

ನಾನು ಪ್ಯಾಂಟೆರಾ ಭಕ್ತ. ತೀರಿಹೋದ ಡೈಮ್‌ಬ್ಯಾಗ್‌ನ ಕೊನೆಯ ಕೆಲಸಗಳಲ್ಲಿ ಒಂದು ಅಂತ ಗೌರವದಿಂದಲೇ ಕೇಳುತ್ತೇನೆ. ಡೈಮ್‌ಬ್ಯಾಗ್ ಗಿಟಾರ್‌ಗೆ ಕೈ ಮುಗಿಯಬೇಕು. ಆದರೆ ಹೆಚ್ಚಿನ ಹಾಡುಗಳಲ್ಲಿ ಮೆಟಲ್ ಹಾಡು ಮೊದಲೇ ಸಿದ್ಧವಾಗಿ ನಿಂತಿದೆ, ಕೋ ಅದರ ಮೇಲೆ ಹತ್ತಿಕೊಂಡು ಕೂಗಬೇಕಾಗಿದೆ. ತುಂಗಾತೀರ ಹೇಳಿದ ದೋಷ ಇಲ್ಲಿ ಇದೆ. ಲೊರೆಟಾ ಆಲ್ಬಮಿನಲ್ಲಿ ಹಾಡು ಮೊದಲು ಹುಟ್ಟಿದೆ, ಬ್ಯಾಂಡ್ ಆಮೇಲೆ ಬಂದಿದೆ. ಅದೇ ವ್ಯತ್ಯಾಸ ಅಂತ ನನ್ನ ಅನಿಸಿಕೆ.

ಹೊಸಕೇಳುಗ

ಒಂದು ಚಿಕ್ಕ ಪ್ರಶ್ನೆ. ಎಲ್ಲರೂ ಪೆಡಲ್ ಸ್ಟೀಲ್ ಅನ್ನುತ್ತಿದ್ದೀರಿ. ಅದು ಗಿಟಾರೇ ತಾನೇ?

ಬೇಸ್‌ಮೀಸೆ

ಗಿಟಾರಿನ ಬಂಧು. ನಮ್ಮ ಹಳೇ ಸಿನಿಮಾ ಹಾಡುಗಳಲ್ಲಿ ಹವಾಯಿಯನ್ ಗಿಟಾರ್ ಕೇಳಿದ್ದೀರಲ್ಲ, ದನಿ ಜಾರುತ್ತಾ ಅಳುವ ಹಾಗೆ ಬರುತ್ತದಲ್ಲ? ಪೆಡಲ್ ಸ್ಟೀಲ್ ಬೆಳೆದು ಬಂದದ್ದು ಅದರಿಂದಲೇ. ಮೇಜಿನ ಹಾಗೆ ಕಾಲಿನ ಮೇಲೆ ನಿಂತಿರುತ್ತದೆ. ಎಡಗೈಯಲ್ಲಿ ಉಕ್ಕಿನ ಕೋಲು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ, ಬಲಗೈಯಲ್ಲಿ ಮೀಟುತ್ತಾರೆ. ಪಾದದಲ್ಲಿ ಪೆಡಲ್, ಮೊಣಕಾಲಿನಲ್ಲಿ ಲಿವರ್ ಒತ್ತಿದರೆ ಬೇರೆ ಬೇರೆ ತಂತಿಯ ಸ್ವರ ಏರುತ್ತದೆ, ಇಳಿಯುತ್ತದೆ. ಹಾಗಾಗಿ ಒಂದು ಸ್ವರ ನಿಂತಲ್ಲೇ ನಿಂತು, ಪಕ್ಕದ್ದು ಮಾತ್ರ ಜಾರುತ್ತದೆ. ಕಂಟ್ರಿ ಹಾಡಿನ ಆ ಸಂಕಟದ ದನಿ ಅದೇ.

ನೀಲಿಸೈಕಲ್

ಇನ್ನೊಂದು ನೆನಪಾಯಿತು. ರಾಕ್ ಹುಡುಗರ ಬಗ್ಗೆ ನ್ಯಾಶ್‌ವಿಲ್‌ಗೆ ಅನುಮಾನ ಬಹಳ ಹಳೆಯದು. 1968ರಲ್ಲಿ ಬರ್ಡ್ಸ್ ಅನ್ನುವ ರಾಕ್ ಬ್ಯಾಂಡ್ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಗೆ ಹೋದಾಗ ಜನ ಕೂಗಾಡಿದ್ದರು. ಆದರೆ 1971ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಉದ್ದ ಕೂದಲಿನ ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್ ನ್ಯಾಶ್‌ವಿಲ್‌ಗೇ ಬಂದು, ಮದರ್ ಮೇಬೆಲ್ ಕಾರ್ಟರ್, ಡಾಕ್ ವಾಟ್ಸನ್, ಅರ್ಲ್ ಸ್ಕ್ರಗ್ಸ್, ರಾಯ್ ಏಕಫ್ ಅಂಥ ಹಿರಿಯರ ಜೊತೆ ಕೂತು ನುಡಿಸಿತು. ಇನ್ನೊಬ್ಬ ಹಿರಿಯ ಬಿಲ್ ಮನ್ರೋ ಒಲ್ಲೆ ಅಂದರು. ಏಕಫ್ ಅವರಿಗೂ ಮೊದಲು ಅನುಮಾನ ಇತ್ತು. ಹುಡುಗರ ನುಡಿಸುವಿಕೆ ಕೇಳಿದ ಮೇಲೆ ಬಂದು ಹಾಡಿದರು. ಮೂರು ರೆಕಾರ್ಡಿನ ಆ ಆಲ್ಬಮ್ 'ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್' 1972ರಲ್ಲಿ ಬಂತು. ನಡುನಡುವೆ ಹಿರಿಯರು ಹುಡುಗರ ಜೊತೆ ಹರಟುವುದೂ ಅದರಲ್ಲಿ ಹಾಗೇ ಇದೆ. ಕೇಳದವರು ಕೇಳಿ.

ಚಾಂಪಿಯನ್‌ರೀಫ್

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಇಲ್ಲಿ ಯಾರೂ 'ವ್ಯಾನ್ ಲಿಯರ್' ಅಂದರೆ ಏನು ಅಂತ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವ್ಯಾನ್ ಲಿಯರ್ ಗುಲಾಬಿಯ ತಳಿಯಲ್ಲ. ಲೊರೆಟಾ ಅವರ ಅಪ್ಪ ದುಡಿಯುತ್ತಿದ್ದ ಗಣಿಯ ಊರು. ಕನ್ಸಾಲಿಡೇಷನ್ ಕೋಲ್ ಕಂಪನಿ ಕಟ್ಟಿದ ಊರು. ಅಲ್ಲಿನ ಗಣಿ ಹುಡುಗರೆಲ್ಲ ಮೆಚ್ಚಿಕೊಂಡಿದ್ದ ಚೆಲುವೆ ಲೊರೆಟಾ ಅವರ ಅಮ್ಮ. ಅವಳೇ ಆ ಗುಲಾಬಿ. ಅಪ್ಪ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಳೇ ಫೋಟೊ ತೆಗೆದು ತೋರಿಸಿ, ಅವಳು ನನ್ನನ್ನು ಒಪ್ಪಿದಳು ನೋಡು ಅಂತ ಹೇಳುವುದೇ ಆ ಹಾಡು.

ನಾನು ಕೆಜಿಎಫ್‌ನವನು. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿಯುತ್ತಿದ್ದರು. ಅದು ಮೂರು ಕಿಲೋಮೀಟರಿಗೂ ಆಳ. ಕೆಳಗೆ ಬಂಡೆಯೇ ಬಿಸಿ. ಗಣಿ 2001ರಲ್ಲಿ ಮುಚ್ಚಿತು, ಆದರೆ ತಾತ ಅದಕ್ಕೂ ಮುಂಚೆಯೇ ಹೋಗಿದ್ದರು. ಬಂಡೆಯ ದೂಳು ಎದೆಯಲ್ಲಿ ಕೂತಿತ್ತು. ರಾತ್ರಿ ಅವರು ಕೆಮ್ಮುವುದು ಲೈನ್ ಮನೆಯ ಗೋಡೆ ದಾಟಿ ಪಕ್ಕದ ಮನೆಗೂ ಕೇಳುತ್ತಿತ್ತು. ಪಕ್ಕದ ಮನೆಯವರ ಕೆಮ್ಮು ನಮಗೂ ಕೇಳುತ್ತಿತ್ತು. ಲೊರೆಟಾ ಅವರ ಅಪ್ಪನಿಗೂ ಎದೆ ತುಂಬ ಕಲ್ಲಿದ್ದಲ ದೂಳು. ಮಗಳ ಮೊದಲ ಹಾಡು ಬರುವ ಮುಂಚಿನ ವರ್ಷ, 1959ರಲ್ಲಿ, ಅವರು ತೀರಿಕೊಂಡರು. ಮಗಳು ಹಾಡುಗಾರ್ತಿ ಆದದ್ದನ್ನು ನೋಡಲೇ ಇಲ್ಲ.

ಆ ಹಾಡು ಶುರುವಾಗುವುದು ಮೆಲ್ಲಗೆ. ಆಮೇಲೆ ಡ್ರಮ್ಸ್ ಏರುತ್ತದೆ. ಬೇರೆಯವರಿಗೆ ಅದು ರಾಕ್ ಅನ್ನಿಸಬಹುದು. ನನಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಜನ ಗೇಟಿನಿಂದ ಹೊರಗೆ ಬರುವ ಸದ್ದು ನೆನಪಾಗುತ್ತದೆ. ಅಲ್ಲಿ ಮೆತ್ತಗಿನ ಪಿಟೀಲು ಇಟ್ಟಿದ್ದರೆ ಸುಳ್ಳಾಗುತ್ತಿತ್ತು.

ತುಂಗಾತೀರ

ಚಾಂಪಿಯನ್‌ರೀಫ್ ಅವರೇ, ನಿಮ್ಮ ಮಾತು ಓದಿ ರಾತ್ರಿ ಮತ್ತೆ ಕೇಳಿದೆ. ಈ ಸಲ ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ, ಮೊದಲಿನಿಂದ ಕೊನೆ ತನಕ.

'ಹ್ಯಾವ್ ಮರ್ಸಿ' ಬಗ್ಗೆ ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಅದು ಜೋರೇ. 'ಪೋರ್ಟ್‌ಲೆಂಡ್' ಶುರುವೂ ನನಗೆ ಉದ್ದವೇ. ಆದರೆ 'ಅತಿಥಿ' ಅಂದದ್ದು ತಪ್ಪು. 'ಮಿಸ್ ಬೀಯಿಂಗ್ ಮಿಸೆಸ್' ಬಂದಾಗ ಎದ್ದು ಕೂತೆ. ಬ್ಯಾಂಡೇ ಇಲ್ಲ. ಒಂದು ಗಿಟಾರ್, ಅವರ ದನಿ, ಅಷ್ಟೇ. 1996ರಲ್ಲಿ ಗಂಡ ತೀರಿಕೊಂಡ ಮೇಲೆ ಬರೆದದ್ದು. ಮದುವೆಯ ಉಂಗುರವನ್ನು ಒಂದು ಕೈಯಿಂದ ತೆಗೆದು ಇನ್ನೊಂದು ಕೈಗೆ ಹಾಕಿಕೊಂಡೆ ಅನ್ನುತ್ತಾರೆ. ಕುಡಿದು, ಕಾಡಿ, ಜಗಳವಾಡಿದ ಗಂಡ. ಆದರೂ ನಲವತ್ತೆಂಟು ವರ್ಷ. ಹಳೇ ರೆಕಾರ್ಡುಗಳಲ್ಲಿ ನಾನು ಅವರ ದನಿಯನ್ನು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ಅಲ್ಲಿ ಏನೂ ಸೇರಿಸದೆ ಬಿಟ್ಟದ್ದಕ್ಕೆ ಜಾಕ್ ವೈಟ್‌ಗೆ ನನ್ನ ನಮಸ್ಕಾರ.

ಹಳೇಕ್ಯಾಸೆಟ್

ಇಷ್ಟು ಬರೆದಿರಿ, ಖುಷಿಯಾಯಿತು. ಆ ಹಾಡಿನ ಬಗ್ಗೆ ನಾನೇ ಬರೆಯಬೇಕು ಅಂತಿದ್ದೆ. ಧೈರ್ಯ ಬಂದಿರಲಿಲ್ಲ.

ಚಾಂಪಿಯನ್‌ರೀಫ್

ತುಂಗಾತೀರ ಹೇಳಿದ ಹಾಡನ್ನು ಇವತ್ತು ಮಧ್ಯಾಹ್ನ ಅಮ್ಮನಿಗೆ ಕೇಳಿಸಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅಪ್ಪ ಹೋಗಿ ಆರು ವರ್ಷ. ಅಕ್ಕಿ ಆರಿಸುತ್ತಾ ಕೂತಿದ್ದರು. ಉಂಗುರದ ಸಾಲು ಬಂದಾಗ ಅರ್ಥ ಹೇಳಿದೆ. ಮೊರದ ಮೇಲೆ ಕೈ ನಿಂತಿತು. ಹಾಡು ಮುಗಿಯುವ ತನಕ ಏನೂ ಹೇಳಲಿಲ್ಲ. ಆಮೇಲೆ, 'ಈಯಮ್ಮನ ಜೊತೆ ಯಾರೂ ಇಲ್ವಾ, ಒಬ್ರೇ ಹಾಡ್ತಾವ್ರಾ?' ಅಂತ ಕೇಳಿದರು. ಪಕ್ಕದಲ್ಲಿ ಒಬ್ಬ ಹುಡುಗ ಗಿಟಾರ್ ನುಡಿಸುತ್ತಿದ್ದಾನೆ ಅಂದೆ. 'ಹಂಗಾದ್ರೆ ಸರಿ' ಅಂದು ಮತ್ತೆ ಅಕ್ಕಿ ಆರಿಸಲು ಶುರು ಮಾಡಿದರು.